ಮೂರು ನಿಮಿಷದ ಫಲಕ ಬಂದ ಮೇಲೆ

ರೇಸಿನ ಅಂಗಳದಲ್ಲಿ ಅವನಿಗೆ ಅಂಗೈ ಎಂದೇ ಹೆಸರು. ತಂದೆತಾಯಿ ಇಟ್ಟ ಹೆಸರು ಲೈಸೆನ್ಸಿನ ಮೇಲೊಂದಿತ್ತು, ಅದನ್ನು ಓದಿದವರು ಕಡಿಮೆ. ಹದಿನೇಳನೆಯ ವಯಸ್ಸಿಗೆ ಟೈರು ಬಿಚ್ಚುವ ಲಿವರು ಹಿಡಿದವನು ಮೂವತ್ತೆಂಟರ ತನಕ ಕೆಳಗಿಡಲಿಲ್ಲ. ಅಷ್ಟೂ ವರ್ಷ ಒಂದೇ ತಂಡ, ಒಬ್ಬರೇ ಧಣಿ.

ಮೋಟಾರ್‌ಸೈಕಲ್ ರೇಸಿನಲ್ಲಿ ಟೈರು ಹಾಕುವುದೆಂದರೆ ಬರೀ ತೋಳಿನ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ಬಿಸಿಲಿದ್ದ ದಿನ ಅದು ನಿಜ. ಗೀರಿಲ್ಲದ ನುಣುಪು ಟೈರು ಹಾಕು, ಕಳಿಸು. ಮಳೆ ಸುರಿಯುತ್ತಿದ್ದ ದಿನವೂ ತಲೆನೋವಿಲ್ಲ. ಆಳವಾದ ಗೀರಿರುವ ಮೆತ್ತನೆಯ ಮಳೆ ಟೈರು ಹಾಕು, ಕಳಿಸು. ಪೀಕಲಾಟವೆಲ್ಲ ಮಳೆ ನಿಂತು ನೆಲ ಆರದ ಹೊತ್ತಿನಲ್ಲಿ. ತೇವದ ಮೇಲೆ ನುಣುಪು ಟೈರು ಬಿಸಿಯೇರುವುದೇ ಇಲ್ಲ, ಕಲ್ಲಿನ ಹಾಗೆ ಗಟ್ಟಿಯಾಗಿಯೇ ಉಳಿದು ಸವಾರನನ್ನು ಮಲಗಿಸುತ್ತದೆ. ಒಣನೆಲದ ಮೇಲೆ ಮಳೆ ಟೈರು ನಾಲ್ಕೇ ಸುತ್ತಿಗೆ ಕಾದು, ಬೊಬ್ಬೆಯೆದ್ದು, ಚೂರುಚೂರಾಗಿ ಕಿತ್ತುಬರುತ್ತದೆ. ಎರಡರ ನಡುವಿನದನ್ನು ಆಗೆಲ್ಲ ಕೈಯಲ್ಲೇ ಮಾಡಿಕೊಳ್ಳಬೇಕಿತ್ತು. ನುಣುಪು ಟೈರನ್ನು ತೊಡೆಯ ಮೇಲಿಟ್ಟುಕೊಂಡು, ಕಾದ ಬ್ಲೇಡಿನಿಂದ ಒಂದೊಂದೇ ಗೀರು ತೆಗೆಯುವುದು. ಆಗಿನ ನಿಯಮಪುಸ್ತಕದಲ್ಲಿ ಅದಕ್ಕೆ ಅವಕಾಶವಿತ್ತು. ಗೀರು ಇಷ್ಟೇ ಆಳ, ಇಷ್ಟೇ ಅಗಲ ಎಂಬ ಲೆಕ್ಕ ಮಾತ್ರ ತಪ್ಪಬಾರದು. ಅಂಗೈ ತೆಗೆದ ಗೀರನ್ನು ಅಳತೆಪಟ್ಟಿ ಹಿಡಿದು ನೋಡುವ ತಪಾಸಣೆಯವರು ಕೊನೆಕೊನೆಗೆ ಅಳೆಯುವುದನ್ನೇ ಬಿಟ್ಟಿದ್ದರು.

ರೇಸಿನ ಬೆಳಗ್ಗೆ ಅವನು ಟ್ರ್ಯಾಕನ್ನು ಒಂದು ಸುತ್ತು ನಡೆದು ಬರುತ್ತಿದ್ದ. ಪ್ರತಿ ತಿರುವಿನಲ್ಲೂ ಕೂತು ಅಂಗೈಯನ್ನು ಡಾಂಬರಿನ ಮೇಲಿಡುತ್ತಿದ್ದ. ಹೆಸರು ಬಂದದ್ದು ಹಾಗೆ. ಅನುಮಾನವಿದ್ದಲ್ಲಿ ಪೇಪರಿನ ಚೂರೊಂದನ್ನು ನೆಲದ ಮೇಲಿಟ್ಟು ಹಿಮ್ಮಡಿಯಿಂದ ಒತ್ತುವನು. ಹಾಗೇ ಹಾರಿಹೋದರೆ ಒಣಗಿದೆ. ಅಂಟಿಕೊಂಡರೆ ಗೀರು ಬೇಕು. ಕೆಲವೊಮ್ಮೆ ಅರ್ಧ ಅಂಟಿ ಅರ್ಧ ಎದ್ದು ನಿಲ್ಲುತ್ತಿತ್ತು. ಆಗ ಅವನು ಯಾರೊಡನೆಯೂ ಮಾತಾಡದೆ ಗ್ಯಾರೇಜಿಗೆ ಬಂದು ಬ್ಲೇಡು ಕಾಯಿಸಲು ಇಡುತ್ತಿದ್ದ.

ಆ ತಂಡದ ಸವಾರ ಅವನ ಒಡಹುಟ್ಟಿದ ತಮ್ಮ. ಒಂಬತ್ತು ವರ್ಷ ಚಿಕ್ಕವನು. ತಂದೆ ಬೇಗ ಹೋಗಿದ್ದರಿಂದ ತಮ್ಮನನ್ನು ಶಾಲೆಗೆ ಸೇರಿಸಿದವನೂ ಇವನೇ, ಶಾಲೆ ತಪ್ಪಿಸಿ ಬಂದಾಗ ಕಿವಿ ಹಿಂಡಿದವನೂ ಇವನೇ, ಮೊದಲ ಸಲ ಬೈಕಿನ ಮೇಲೆ ಕೂರಿಸಿ ಹಿಂದಿನಿಂದ ಸೀಟು ಹಿಡಿದು ಓಡಿದವನೂ ಇವನೇ. ಹುಡುಗ ರೇಸಿಗಿಳಿದ ಮೂರು ವರ್ಷಕ್ಕೆಲ್ಲ ಗೆಲ್ಲತೊಡಗಿದ. ನೋಡಲು ಚೆಂದ, ಮಾತಿನಲ್ಲಿ ಚುರುಕು, ಪೇಪರಿನವರು ಕೇಳಿದ್ದಕ್ಕೆಲ್ಲ ನಗುವ ಹಾಗೆ ಉತ್ತರ. ತಾಯಿಗಂತೂ ಚಿಕ್ಕೋನು ಎಂದರೆ ಜೀವ. ಅವನ ಫೋಟೋ ಬಂದ ಪೇಪರಿನ ತುಂಡುಗಳನ್ನು ಹಾಸಿಗೆಯ ಕೆಳಗೆ ಮಡಿಸಿಟ್ಟುಕೊಳ್ಳುತ್ತಿದ್ದಳು.

ಆ ಚಿಕ್ಕೋನಿಗೆ ಒಂದು ಭಯವಿತ್ತು. ಲೋಕದಲ್ಲಿ ಅದು ಗೊತ್ತಿದ್ದದ್ದು ಅಣ್ಣನೊಬ್ಬನಿಗೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅರೆತೇವದ ನೆಲದ ಮೇಲೆ ಮುಂದಿನ ಚಕ್ರ ಜಾರಿ ಬಿದ್ದು ಕತ್ತಿನ ಎಲುಬು ಮುರಿದುಕೊಂಡಿದ್ದ. ಅಂದಿನಿಂದ ಧೋ ಎಂದು ಸುರಿಯುವ ಮಳೆಯಲ್ಲೂ ನುಗ್ಗುವವನು ತೇವ ಅರ್ಧ ಆರಿದ ನೆಲ ಕಂಡರೆ ಒಳಗೊಳಗೇ ಕುಗ್ಗಿಹೋಗುತ್ತಿದ್ದ. ಹೆಲ್ಮೆಟ್ಟು ಹಾಕಿಕೊಳ್ಳುವ ಮುಂಚೆ ಎರಡೆರಡು ಸಲ ಬಚ್ಚಲಿಗೆ ಹೋಗುವನು. ಅಣ್ಣ ಕಂಡೂ ಕಾಣದವನಂತೆ ಇರುತ್ತಿದ್ದ.

"ಹಿಂದಿನದು ಜಾರಿದ್ರೆ ಸಂಭಾಳಿಸಬಹುದು ಕಣೋ. ಮುಂದಿನದು ಜಾರಿದ್ರೆ ನಿನ್ನ ಕೈಲಿ ಏನೂ ಇಲ್ಲ. ಮುಂದಿನದು ನನ್ನ ಜವಾಬ್ದಾರಿ, ಬಿಡು," ಎಂದು ಬೇರೇನೋ ಕೆಲಸ ಮಾಡುತ್ತ ಹೇಳುವನು. ತಮ್ಮನಿಗೆ ಅಷ್ಟು ಸಾಕಾಗುತ್ತಿತ್ತು.

ಅಂಗೈಗೆ ಮೂವತ್ತೆಂಟಾದ ವರ್ಷದ ಕೊನೆಯ ರೇಸು. ಮೊದಲ ಎರಡು ಸ್ಥಾನಗಳಲ್ಲಿ ಯಾವುದಾದರೊಂದು ಸಿಕ್ಕಿದರೂ ವರ್ಷದ ಪಟ್ಟ ತಮ್ಮನಿಗೆ. ಬೆಳಗ್ಗೆ ತುಂತುರು ಬಿದ್ದು ಹತ್ತು ಗಂಟೆಗೆ ನಿಂತಿತ್ತು. ಮೋಡದ ಸಂದಿಯಿಂದ ತೆಳ್ಳಗೆ ಬಿಸಿಲು. ಮುಖ್ಯ ಹಾದಿಯೆಲ್ಲ ಆರುತ್ತ ಬಂದಿತ್ತು. ಆರನೆಯ ತಿರುವು ಮಾತ್ರ ಆರಿರಲಿಲ್ಲ. ಅದು ತಗ್ಗಿನಲ್ಲಿತ್ತು, ಒಂದು ಪಕ್ಕಕ್ಕೆ ಹಳೆಯ ಗೋದಾಮಿನ ಎತ್ತರದ ಗೋಡೆ, ಇನ್ನೊಂದು ಪಕ್ಕಕ್ಕೆ ಮರಗಳು. ಬಿಸಿಲೇ ತಾಗದ ಆ ತಿರುವನ್ನು ಸವಾರರು ಬಾವಿ ಎನ್ನುತ್ತಿದ್ದರು. ಅಂಗೈ ಅಲ್ಲಿ ಮೂರು ಕಡೆ ಪೇಪರು ಒತ್ತಿ ನೋಡಿದ. ಮೂರೂ ಕಡೆ ಅಂಟಿತು.

ಹನ್ನೊಂದೂವರೆಗೆ ಅಧಿಕಾರಿಗಳು ಇದು ಒಣ ರೇಸು ಎಂದು ಸಾರಿದರು. ಹಾಗೆಂದರೆ ನಡುವೆ ಬೈಕು ಬದಲಾಯಿಸಿಕೊಳ್ಳುವ ಅವಕಾಶವಿಲ್ಲ. ಟೈರು ಯಾವುದು ಹಾಕುತ್ತೀರೋ ನಿಮಗೆ ಬಿಟ್ಟದ್ದು, ಹಾಕಿದ ಮೇಲೆ ಕೊನೆಯ ತನಕ ಅದೇ.

"ಹಿಂದೆ ನುಣುಪು, ಮುಂದೆ ನಾನು ಗೀರಿದ್ದು," ಎಂದ ಅಂಗೈ.

ಧಣಿ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯ ಒಡೆಯ. ಟೈರಿನ ವಿಷಯ ಅಷ್ಟಕ್ಕಷ್ಟೇ, ಆದರೆ ಸಲಹೆ ಕೊಡುವುದರಲ್ಲಿ ಮುಂದು. "ನೆಲ ಒಣಗ್ತಾ ಇದೆಯಲ್ಲಯ್ಯ, ಕಣ್ಣು ಕಾಣಲ್ವಾ? ಇಪ್ಪತ್ತು ಸುತ್ತು ಓಡ್ಬೇಕು. ಎಂಟನೇ ಸುತ್ತಿಗೆ ನಿನ್ನ ಗೀರು ಟೈರು ಕಿತ್ತು ಕೈಗೆ ಬರುತ್ತೆ. ಎರಡೂ ನುಣುಪೇ ಹಾಕು."

"ಬಾವಿ ಒಣಗಿಲ್ಲ ಧಣಿ."

"ಇಡೀ ಟ್ರ್ಯಾಕಿಗೆ ಒಂದು ಬಾವಿ. ಅಲ್ಲೊಂಚೂರು ನಿಧಾನಕ್ಕೆ ಹೋಗ್ತಾನೆ. ಏನೋ, ಹೋಗ್ತೀಯಲ್ಲ?"

ತಮ್ಮ ಗ್ಲೌಸಿನ ಪಟ್ಟಿ ಎಳೆದುಕೊಳ್ಳುತ್ತ ನಕ್ಕ. ಗ್ಯಾರೇಜಿನ ಬಾಗಿಲಲ್ಲಿ ಇಬ್ಬರು ಪೇಪರಿನವರು ನಿಂತಿದ್ದರು. "ನುಣುಪೇ ಹಾಕಣ್ಣ. ನಿನ್ನ ಬಿಟ್ರೆ ನನಗೆ ಛತ್ರಿ ಕೂಡ ಕಟ್ಟಿ ಕಳಿಸ್ತೀಯ," ಎಂದ. ಎಲ್ಲರೂ ನಕ್ಕರು. ಅಂಗೈ ನುಣುಪೇ ಹಾಕಿದ. ಆದರೆ ಗೀರು ಟೈರು ಹಾಕಿದ ಇನ್ನೊಂದು ಮುಂದಿನ ಚಕ್ರಕ್ಕೆ ಬಿಸಿ ಹೊದಿಕೆ ಸುತ್ತಿ, ಯಾರನ್ನೂ ಕೇಳದೆ, ತಳ್ಳುಗಾಡಿಯಲ್ಲಿಟ್ಟುಕೊಂಡು ರೇಸು ಹೊರಡುವ ಸಾಲಿನ ಹತ್ತಿರ ಒಯ್ದ.

ಸವಾರರು ಒಂದು ಸುತ್ತು ನೋಡಿಕೊಂಡು ಬಂದು ಸಾಲಿನಲ್ಲಿ ನಿಂತರು. ತಮ್ಮನದು ಮುಂದಿನ ಸಾಲಿನ ಎರಡನೆಯ ಜಾಗ. ಅವನ ಪಕ್ಕಕ್ಕೆ, ಎರಡು ಮಾರು ದೂರದಲ್ಲಿ, ಹಸಿರು ಹೆಲ್ಮೆಟ್ಟಿನ ಸವಾರ. ಬಿಡುವಿಲ್ಲದೆ ಮಾತಾಡುತ್ತಿದ್ದನಾದ್ದರಿಂದ ಅವನನ್ನು ಗಿಣಿ ಎನ್ನುತ್ತಿದ್ದರು. ಧಣಿ ಆಗ ಅಧಿಕಾರಿಗಳ ಗ್ಯಾಲರಿಯಲ್ಲಿ ಯಾರದೋ ಕೈಕುಲುಕುತ್ತಿದ್ದರು.

ತಮ್ಮ ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಆ ಕಣ್ಣು ನೋಡಿದೊಡನೆ ಅಂಗೈಗೆ ಗೊತ್ತಾಯಿತು.

"ಅಣ್ಣಾ, ಬಾವೀಲಿ ಮುಂದಿನದು ಅಲ್ಲಾಡಿಬಿಡ್ತು. ಬದಲಾಯಿಸು."

"ಹೊತ್ತಿಲ್ಲ ಕಣೋ."

"ಬದಲಾಯಿಸಣ್ಣ. ನನ್ನ ಕೈಲಾಗಲ್ಲ. ನಿನ್ನ ದಮ್ಮಯ್ಯ."

ಅಂಗೈ ಮೊಣಕಾಲೂರಿದ. ಬ್ರೇಕಿನ ಹಿಡಿಗಳನ್ನು ಬಿಚ್ಚಿದ, ಅಚ್ಚು ಎಳೆದ, ನುಣುಪು ಚಕ್ರವನ್ನು ಹಿಂದಕ್ಕೆ ಉರುಳಿಸಿ ಗೀರಿನದನ್ನು ಫೋರ್ಕಿನ ನಡುವೆ ತೂರಿಸಿದ. ಅಚ್ಚು ಒಂದೇ ಸಲಕ್ಕೆ ಕೂರಲಿಲ್ಲ. ಕೂರಿಸುವಷ್ಟರಲ್ಲಿ ಸೀಟಿ ಕೇಳಿಸಿತು. ತಲೆಯೆತ್ತಿದರೆ ಸಾಲಿನ ಮುಂದೆ, ಹೊರಡಲು ಇನ್ನಿಷ್ಟೇ ಹೊತ್ತು ಎಂದು ಸಾರುವ ಮೂರು ನಿಮಿಷದ ಫಲಕ.

ನಿಯಮ ಅವನಿಗೆ ಬಾಯಿಪಾಠ. ಆ ಫಲಕ ಬಂದ ಮೇಲೆ ಸಾಲಿನಲ್ಲಿ ಯಾರೂ ಸ್ಪಾನರು ಮುಟ್ಟುವಂತಿಲ್ಲ. ಕೆಲಸ ಉಳಿದಿದ್ದರೆ ಬೈಕನ್ನು ತಳ್ಳಿಕೊಂಡು ಗ್ಯಾರೇಜಿನ ಗೇಟಿಗೆ ಹೋಗಬೇಕು. ಎಲ್ಲರೂ ಹೊರಟ ಮೇಲೆ, ಅಲ್ಲಿಂದ, ಕೊನೆಯವನಾಗಿ ಹೊರಡಬೇಕು.

"ಬೋರ್ಡು ಬಂತು. ಇಳಿ, ಗೇಟಿಗೆ ತಳ್ಕೊಂಡು ಹೋಗೋಣ."

"ಕೊನೇಲಿ ಹೊರಟು ಏನು ಕಿತ್ಕೊಳ್ಳಲಿ? ಬಿಗಿ ಮಾಡು."

"ಬೇಡ್ವೋ."

"ಬಿಗಿ ಮಾಡಣ್ಣ! ಸೀಟಿಯವನು ಆ ಕಡೆ ತಿರುಗಿದಾನೆ. ಯಾರೂ ನೋಡ್ತಿಲ್ಲ."

ಅಂಗೈ ಬಿಗಿ ಮಾಡಿದ. ನಲವತ್ತು ಸೆಕೆಂಡು ಹಿಡಿಯಿತು. ಇಪ್ಪತ್ತೊಂದು ವರ್ಷದಲ್ಲಿ ಅವನು ನಿಯಮ ಮುರಿದದ್ದು ಅದೊಂದೇ ಸಲ. ನುಣುಪು ಚಕ್ರವನ್ನು ತಳ್ಳುಗಾಡಿಗೆ ಹಾಕಿಕೊಂಡು ಗೋಡೆಯಾಚೆ ಬಂದ.

ಮೊದಲ ಸುತ್ತಿನಲ್ಲೇ ಬಾವಿಯಲ್ಲಿ ಮೂವರು ಬಿದ್ದರು. ಮೂವರದೂ ನುಣುಪು ಟೈರು. ಮುಂದಿದ್ದವನು ಬಿದ್ದು ಜಾರಿದ, ಹಿಂದಿನವನು ಅವನನ್ನು ತಪ್ಪಿಸಹೋಗಿ ಬಿದ್ದ, ಗಿಣಿ ಬ್ರೇಕು ಮುಟ್ಟಿದ್ದೇ ತಡ ಬೈಕಿನ ಸಮೇತ ಹೋಗಿ ಕಬ್ಬಿಣದ ಬೇಲಿಗೆ ಬಡಿದ. ಎಡಗಾಲು ಬೇಲಿಗೂ ಎಂಜಿನ್ನಿಗೂ ನಡುವೆ ಸಿಕ್ಕಿಕೊಂಡಿತ್ತು. ತಮ್ಮ ಆ ಮೂವರ ಪಕ್ಕದಿಂದ, ನೂಲು ಹಿಡಿದ ಹಾಗೆ ನೇರವಾಗಿ ಹಾದುಹೋದ. ಕೊನೆಯ ನಾಲ್ಕು ಸುತ್ತಿಗೆ ಮುಂದಿನ ಟೈರು ಸವೆದು ಚಿಂದಿಯಾಗಿತ್ತು, ಅಷ್ಟರಲ್ಲಿ ಅವನು ಹದಿನಾರು ಸೆಕೆಂಡು ಮುಂದಿದ್ದ. ಗೆದ್ದ. ಧಣಿ ಗ್ಯಾಲರಿಯಿಂದ ಓಡಿಬಂದು ಅಪ್ಪಿಕೊಂಡರು. "ನುಣುಪು ಹಾಕು ಅಂದೆ, ನೋಡಿದ್ಯಾ!" ಎಂದರು. ಮುಂದಿನ ಚಕ್ರದ ಕಡೆ ಅವರು ಇನ್ನೂ ನೋಡಿರಲಿಲ್ಲ.

ಒಂದು ಗಂಟೆಯೊಳಗೆ ಎದುರಾಳಿ ತಂಡದವರು ದೂರು ಕೊಟ್ಟರು. ಪೇಪರಿನ ಛಾಯಾಗ್ರಾಹಕನೊಬ್ಬನ ಹತ್ತಿರ ಚಿತ್ರವಿತ್ತು. ಹಿಂದೆ ಮೂರು ನಿಮಿಷದ ಫಲಕ, ಮುಂದೆ ಮೊಣಕಾಲೂರಿದ ಅಂಗೈ, ಅವನ ಕೈಯಲ್ಲಿ ಸ್ಪಾನರು. ಸುಳ್ಳು ಹೇಳಲು ಜಾಗವೇ ಇರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ: ಹೇಳಿದವರು ಯಾರು? ಸವಾರನೇ ಗೊತ್ತಿದ್ದೂ ಮಾಡಿಸಿದ್ದರೆ ಗೆಲುವೂ ಪಟ್ಟವೂ ಹೋಗುವುದರ ಜೊತೆ ಸವಾರನಿಗೆ ಒಂದು ವರ್ಷದ ನಿಷೇಧ. ಟೈರಿನವನೇ ತನ್ನಷ್ಟಕ್ಕೆ ಮಾಡಿದ್ದರೆ ಗೆಲುವು ರದ್ದು, ಟೈರಿನವನ ಲೈಸೆನ್ಸು ಶಾಶ್ವತವಾಗಿ ರದ್ದು.

ವಿಚಾರಣೆ ನಡೆದದ್ದು ಸಮಯ ಅಳೆಯುವ ಕೋಣೆಯ ಮೇಲಿನ ಮಹಡಿಯಲ್ಲಿ. ತಮ್ಮನನ್ನು ಮೊದಲು ಕರೆದರು. ಅಂಗೈ ಹೊರಗೆ ಬೆಂಚಿನ ಮೇಲೆ ಕೂತಿದ್ದ. ನಡುವೆ ಇದ್ದದ್ದು ಹಲಗೆಯ ಗೋಡೆ.

"ನನಗೆ ಗೊತ್ತೇ ಆಗ್ಲಿಲ್ಲ ಸರ್," ಎಂದ ತಮ್ಮ. ದನಿಯಲ್ಲಿ ನಡುಕವಿರಲಿಲ್ಲ. "ಶುರುವಿಗೆ ಮುಂಚೆ ನಾನು ಕಣ್ಮುಚ್ಕೊಂಡು ಕೂತಿರ್ತೀನಿ. ಏನೋ ಸರಿ ಮಾಡ್ತಿದಾನೆ ಅಂದ್ಕೊಂಡೆ. ಬೋರ್ಡು ಬಂದಿದ್ದೂ ನೋಡ್ಲಿಲ್ಲ. ನಮ್ಮಣ್ಣ ಹಿಡಿದಿದ್ದೇ ಹಠ, ಎಲ್ಲಾರಿಗೂ ಗೊತ್ತು."

ಅಂಗೈ ತನ್ನ ಬೂಟಿನ ಲೇಸು ನೋಡುತ್ತ ಕೂತ. ಒಳಗೆ ಕುರ್ಚಿ ಸರಿದ ಸದ್ದಾಯಿತು. ಹೊರಬಂದ ತಮ್ಮ ಅವನ ಮುಖ ನೋಡಲಿಲ್ಲ, ನೀರಿನ ನಲ್ಲಿಯ ಕಡೆ ನಡೆದ. ಅಂಗೈಯನ್ನು ಕರೆದರು.

"ಸವಾರ ಹೇಳಿದ್ನೇನಪ್ಪಾ ಬದಲಾಯಿಸು ಅಂತ?" ಎಂದು ಕೇಳಿದರು ಮುಖ್ಯ ತೀರ್ಪುಗಾರರು. ವಯಸ್ಸಾದವರು, ಒಳ್ಳೆಯವರು. ಅವನ ಗೀರುಗಳನ್ನು ಎಷ್ಟೋ ಸಲ ಬೆರಳಾಡಿಸಿ ಮೆಚ್ಚಿದವರು. "ಯೋಚನೆ ಮಾಡಿ ಹೇಳು. ನಿನ್ನ ಅನ್ನದ ಪ್ರಶ್ನೆ."

ಅಂಗೈ ಯೋಚನೆ ಮಾಡಿದ. ಒಂದು ವರ್ಷ ಕೂತರೆ ಧಣಿ ಬೇರೆ ಸವಾರನನ್ನು ಹುಡುಕುತ್ತಾರೆ, ಅಲ್ಲಿಗೆ ತಮ್ಮನ ಕತೆ ಮುಗಿಯುತ್ತದೆ ಎಂದುಕೊಂಡ. ತಾಯಿಯ ಮುಖ ಕಣ್ಣೆದುರು ಬಂತು.

"ಇಲ್ಲ ಸ್ವಾಮಿ. ನನ್ನದೇ ತೀರ್ಮಾನ."

ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇಲ್ಲ ಎಂದ. ರುಜು ಹಾಕಿಸಿಕೊಂಡು ಲೈಸೆನ್ಸು ಅಲ್ಲೇ ಇರಿಸಿಕೊಂಡರು.

ವ್ಯಾನಿನಲ್ಲಿ ಬರುವಾಗ ಧಣಿ ಬಾಯಿಗೆ ಬಂದ ಹಾಗೆ ಬೈದರು, ನಾಳೆಯಿಂದ ಗ್ಯಾರೇಜಿನ ಕಡೆ ತಲೆ ಹಾಕಬೇಡ ಎಂದರು. ಅವರು ಇಳಿದುಹೋದ ಮೇಲೆ ತಮ್ಮ ಮೆಲ್ಲಗೆ, "ಒಂದು ವರ್ಷ ಕಳೀಲಿ ಅಣ್ಣ. ಪಟ್ಟ ಗೆದ್ದಮೇಲೆ ನಾನೇ ಹೋಗಿ ಎಲ್ಲಾ ಹೇಳಿ ಸರಿ ಮಾಡ್ತೀನಿ. ನಿನ್ನ ಲೈಸೆನ್ಸು ತಂದು ನಿನ್ನ ಕೈಗೆ ಕೊಡ್ತೀನಿ," ಎಂದ. ಕಣ್ಣಲ್ಲಿ ನೀರಿತ್ತು. ಆ ಹೊತ್ತಿಗೆ ಅವನು ಅದನ್ನು ಮನಸ್ಸಿನಿಂದಲೇ ಹೇಳಿದ ಎಂದು ಅಂಗೈ ಎಷ್ಟೋ ವರ್ಷ ನಂಬಿದ್ದ. ಗಿಣಿಯ ಕಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರೆಂಬ ಸುದ್ದಿ ಮರುದಿನ ಬಂತು.

ತಮ್ಮ ಮರುವರ್ಷವೇ ಪಟ್ಟ ಗೆದ್ದ. ಅದರ ಮರುವರ್ಷವೂ ಗೆದ್ದ. ಪೇಪರಿನವರು, ಮೂರು ವರ್ಷ ಸತತ ಪಟ್ಟ ಆಗಬೇಕಿತ್ತಲ್ಲ ಎಂದು ಕೇಳಿದಾಗ, "ನಮ್ಮಣ್ಣ ಸ್ವಲ್ಪ ಅವಸರ ಮಾಡಿದ," ಎಂದು ಹೇಳಿದ. ಇನ್ನೊಂದು ವರ್ಷಕ್ಕೆ ಅದು, "ಬೇಡ ಬೇಡ ಅಂದ್ರೂ ನಮ್ಮಣ್ಣ ಕೇಳ್ಲಿಲ್ಲ," ಎಂದಾಯಿತು. ಹೇಳುವ ಧಾಟಿ ಚೆನ್ನಾಗಿತ್ತು. ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ, ಎಲ್ಲಿ ನಿಟ್ಟುಸಿರು ಬಿಡುತ್ತಾರೆ ಎಂಬುದು ಅವನಿಗೆ ಹೇಳಿಹೇಳಿ ಕರಗತವಾಗಿತ್ತು.

ಅಂಗೈ ಬಸ್ ಡಿಪೋದ ಟೈರು ವಿಭಾಗ ಸೇರಿಕೊಂಡ. ಅಲ್ಲಿ ತೇವ, ಒಣ ಎಂಬ ಮಾತಿಲ್ಲ. ಸವೆದ ಟೈರಿಗೆ ಹೊಸ ಪಟ್ಟಿ ಅಂಟಿಸಿ ಮತ್ತೆ ಬಸ್ಸಿಗೆ ಏರಿಸುವುದು, ಎಷ್ಟು ಕಿಲೋಮೀಟರು ಓಡಿತೆಂದು ಬರೆದಿಡುವುದು. ನಲವತ್ತು ಕಿಲೋ ತೂಗುವ ಟೈರುಗಳನ್ನು ಉರುಳಿಸಿ ಉರುಳಿಸಿ ಸೊಂಟ ಹಿಡಿದುಕೊಂಡಿತು. ಡಿಪೋದಲ್ಲಿ ಯಾರಿಗೂ ಅವನ ಅಡ್ಡಹೆಸರು ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ.

ನಿಜ ಗೊತ್ತಿದ್ದದ್ದು ಹೆಂಡತಿಗೆ. ಆವತ್ತು ಮನೆಗೆ ಬಂದು ಬೂಟು ಬಿಚ್ಚುವ ಮುಂಚೆಯೇ ಅವಳಿಗೆ ಎಲ್ಲ ಹೇಳಿದ್ದ. ಅವಳು ಆಗಲೇ ಅತ್ತೆಯ ಹತ್ತಿರ ಹೋಗಹೊರಟಾಗ ಕೈಹಿಡಿದು ನಿಲ್ಲಿಸಿದ್ದ. "ಅಮ್ಮನಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ. ಅವನ ಬಾಳು ಹಾಳಾಗುತ್ತೆ."

"ನಿಮ್ಮದು?"

"ನನ್ನದೇನಿದೆ, ಟೈರು ಎಲ್ಲಾ ಕಡೆ ಇರುತ್ತೆ."

ತಾಯಿ ಅವನೊಡನೆ ಮಾತು ಕಡಿಮೆ ಮಾಡಿದಳು. ಊಟ ಬಡಿಸುವಳು, ಆದರೆ ಪಕ್ಕದಲ್ಲಿ ಕೂರಳು. ಒಂಬತ್ತು ವರ್ಷವಾದ ಮೇಲೆ ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ ಅವನ ಕೈಯನ್ನು ತಾನಾಗಿಯೇ ಹಿಡಿದುಕೊಂಡಳು. ಅವನಿಗೆ ಎದೆ ತುಂಬಿ ಬಂತು.

"ಚಿಕ್ಕೋನ ಬಾಯಿಗೆ ಬಂದ ತುತ್ತನ್ನ ಯಾಕೋ ಕಿತ್ಕೊಂಡೆ? ಹೊಟ್ಟೆಕಿಚ್ಚಾ ಮಗಾ?" ಎಂದಳು. ಬೈಯುವ ದನಿಯಲ್ಲ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದು ಈಗ ಕೇಳುವ ದನಿ.

ನಿಜ ಅವನ ಬಾಯಿಯ ತನಕ ಬಂದಿತ್ತು. ತಮ್ಮ ಔಷಧದ ಚೀಟಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನ ಕಡೆ ಅಂಗೈ ನೋಡಿದ, ಈಗಲಾದರೂ ಒಂದು ಮಾತು ಆಡುತ್ತಾನೇನೋ ಎಂದು. ತಮ್ಮ ಒಳಗೆ ಬಂದು, "ಹೋಗ್ಲಿ ಬಿಡಮ್ಮ, ಹಳೇ ವಿಷಯ ಯಾಕೆ," ಎಂದು ಹೊದಿಕೆ ಸರಿಮಾಡಿದ. ತಾಯಿ ಚಿಕ್ಕೋನ ದೊಡ್ಡತನಕ್ಕೆ ಕಣ್ಣೀರು ಹಾಕಿದಳು. ನಾಲ್ಕು ದಿನಕ್ಕೆ ತೀರಿಕೊಂಡಳು.

ಇನ್ನೂ ಒಂಬತ್ತು ವರ್ಷ ಕಳೆಯಿತು. ಒಂದು ದಿನ ಡಿಪೋದ ಗೇಟಿನ ಹತ್ತಿರ ಮೂರು ಚಕ್ರದ ಸ್ಕೂಟರೊಂದು ಬಂದು ನಿಂತಿತು. ಹಿಂದಿನ ಒಂದು ಚಕ್ರ ಕುಸಿದಿತ್ತು. ಓಡಿಸುತ್ತಿದ್ದವನ ಎಡಗಾಲಿನ ಪ್ಯಾಂಟನ್ನು ಮೇಲಕ್ಕೆ ಮಡಿಸಿ ಪಿನ್ನು ಹಾಕಿತ್ತು. ಕಾವಲಿನವನು, ಇದು ಬಸ್ಸಿನ ಡಿಪೋ, ಪಂಕ್ಚರು ಅಂಗಡಿ ಆ ಕಡೆ ಎನ್ನುತ್ತಿದ್ದ. ಅಂಗೈ ನೋಡಿ ಗುರುತು ಹಿಡಿದು ಒಳಗೆ ಕರೆತಂದ.

ಗಿಣಿ ಟೈರುಗಳ ಅಟ್ಟಿಯ ಮೇಲೆ ಕೂತ. ಮಾತು ಹಿಂದಿನಷ್ಟೇ. ಹವಾಮಾನ, ಮಂಡಿನೋವು, ಈಗಿನ ಸವಾರರು, ಎಲ್ಲ ಆಯಿತು. ಅಂಗೈ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತೂತು ಹುಡುಕುತ್ತಿದ್ದ.

"ಅಣ್ಣ, ಒಂದು ಕೇಳ್ಲಾ? ನೀವ್ಯಾಕೆ ಆವತ್ತು ಒಪ್ಕೊಂಡ್ರಿ?"

"ಏನನ್ನ?"

"ನಾನು ಪಕ್ಕದಲ್ಲೇ ಇದ್ನಲ್ಲ. ಎಲ್ಲಾ ಕೇಳಿಸ್ತು. ನಿನ್ನ ದಮ್ಮಯ್ಯ ಅಂದ ಅವನು. ಬೋರ್ಡು ಬಂದ್ಮೇಲೆ ನೀವು ಗೇಟಿಗೆ ಹೋಗೋಣ ಅಂದ್ರಿ, ಅವನು ಬಿಗಿ ಮಾಡು ಅಂದ. ಹೆದರುಪುಕ್ಕಲ ಅಂತ ನಾನು ಹೆಲ್ಮೆಟ್ಟೊಳಗೆ ನಕ್ಕೆ." ಗಿಣಿ ತನ್ನ ಮಡಿಸಿದ ಪ್ಯಾಂಟನ್ನು ಒಮ್ಮೆ ಮುಟ್ಟಿಕೊಂಡ. "ನಕ್ಕು ಐದು ನಿಮಿಷಕ್ಕೆ ಇದು ಹೋಯ್ತು."

ಅಂಗೈಯ ಕೈ ತೊಟ್ಟಿಯೊಳಗೇ ನಿಂತಿತು. ಹೆಂಡತಿ ಬಿಟ್ಟರೆ ಲೋಕದಲ್ಲಿ ಇನ್ನೊಬ್ಬನಿಗೂ ಗೊತ್ತಿತ್ತು! ಹದಿನೆಂಟು ವರ್ಷ ಗೊತ್ತಿತ್ತು!

"ಹೇಳ್ಬೇಕಿತ್ತಲ್ಲೋ ಯಾರಿಗಾದ್ರೂ," ಎಂದ.

"ಆವತ್ತು ಕೇಳಿದ್ದಿದ್ರೆ ಹೇಳ್ತಿದ್ದೆ. ಆಪರೇಷನ್ ಮಾಡಿ ಮಲಗಿಸಿದ್ರು, ಯಾರೂ ಬಂದು ಕೇಳ್ಲಿಲ್ಲ. ಆಮೇಲೆ..." ಗಿಣಿ ಮಾತು ಹುಡುಕಿದ. "ಆಮೇಲೆ ಕೋಪ ಅಣ್ಣ. ನನ್ನ ಟೈರಿನವನೂ ಅಣ್ಣನಾಗಿದ್ದಿದ್ರೆ ನನ್ನ ಕಾಲು ಇರ್ತಿತ್ತು ಅಂತ. ನಿಮ್ಮಿಬ್ಬರ ಮೇಲೂ ಕೋಪ."

ಹೋಗುವಾಗ ಗಿಣಿ ಇನ್ನೊಂದು ಸುದ್ದಿ ಹೇಳಿದ. ತಮ್ಮ ರೇಸಿಂಗ್ ಶಾಲೆ ತೆರೆಯುತ್ತಿದ್ದಾನೆ, ಅಲ್ಲಿ ನಿಯಮಪುಸ್ತಕದ ಪಾಠ ಹೇಳುವ ಕೆಲಸ ತನಗೆ ಕೊಟ್ಟಿದ್ದಾನೆ. "ಈ ಕಾಲಿಗೆ ಇನ್ಯಾರು ಕೆಲಸ ಕೊಡ್ತಾರೆ, ಹೇಳಿ?"

ಶಾಲೆಯ ಆರಂಭದ ದಿನಕ್ಕೆ ಅಂಗೈಗೂ ಕರೆ ಬಂದಿತ್ತು. ಹೋಗುವುದು ಬೇಡವೆಂದಿದ್ದವನು ಗಿಣಿಯ ಮಾತು ಕೇಳಿದ ಮೇಲೆ ಹೊರಟ. ಜಗಳಕ್ಕಲ್ಲ. ಇಬ್ಬರೇ ಇದ್ದಾಗ ಒಂದು ಸಲ ತಮ್ಮನ ಬಾಯಿಂದ ಹೌದು ಎನ್ನಿಸಿಕೊಂಡರೆ ಸಾಕು ಎನ್ನಿಸಿತ್ತು. ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು, ತಾನೂ ಬರುತ್ತೇನೆಂದಳು.

ಹೊಸ ಕಟ್ಟಡ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಸಭಾಂಗಣದಲ್ಲಿ ನೂರು ಜನ. ತಮ್ಮ ವೇದಿಕೆಯ ಮೇಲೆ ನಿಂತು ಮಾತಾಡಿದ. ತಲೆ ನರೆತಿತ್ತು, ನಗು ಹಾಗೇ ಇತ್ತು. "ನಮ್ಮ ಶಾಲೇಲಿ ಮೊದಲನೇ ಪಾಠ ಏನ್ಗೊತ್ತಾ? ಅರೆತೇವದಲ್ಲಿ ಸವಾರನ ಮಾತೇ ಕೊನೇ ಮಾತು. ಯಾಕೆ ಅಂತೀರಾ? ನಮ್ಮಣ್ಣನ್ನ ಕೇಳಿ, ಅಲ್ಲೇ ಕೂತಿದಾನೆ." ನೂರು ತಲೆಗಳು ತಿರುಗಿದವು. ತಮ್ಮ ಕತೆ ಹೇಳಿದ. ಬೇಡ ಅಣ್ಣ, ಗೇಟಿಗೆ ತಳ್ಕೊಂಡು ಹೋಗೋಣ ಎಂದು ತಾನು ಹೇಳಿದನಂತೆ. ಸುಮ್ನಿರೋ, ಯಾರೂ ನೋಡ್ತಿಲ್ಲ ಎಂದು ಅಣ್ಣ ಬಿಗಿ ಮಾಡಿದನಂತೆ. ಜನ ನಕ್ಕರು. ಅಂಗೈಯ ಹೆಂಡತಿ ಏಳಹೊರಟಾಗ ಅವನು ಅವಳ ಸೆರಗು ಹಿಡಿದು ಕೂರಿಸಿದ.

ಸಭೆ ಮುಗಿದ ಮೇಲೆ ಓಣಿಯಂಥ ಹಜಾರದಲ್ಲಿ ತಮ್ಮ ಸಿಕ್ಕಿದ. ಅಲ್ಲಿ ಗೋಡೆಯ ಮೇಲೆ ಆ ಹಳೆಯ ಚಿತ್ರವನ್ನು ಆಳೆತ್ತರಕ್ಕೆ ದೊಡ್ಡದು ಮಾಡಿ ಹಾಕಿಸಿದ್ದ: ಫಲಕ, ಸ್ಪಾನರು, ಮೊಣಕಾಲೂರಿದ ಅಂಗೈ. ಕೆಳಗೆ ಕೆಂಪು ಅಕ್ಷರದಲ್ಲಿ, ಹೀಗೆ ಮಾಡಬೇಡಿ.

"ಚೆನ್ನಾಗಿದ್ಯಾ ಅಣ್ಣ? ನಿನ್ನನ್ನ ಅಮರ ಮಾಡ್ಬಿಟ್ಟೆ ನೋಡು," ಎಂದ ತಮ್ಮ.

"ಇಲ್ಯಾರೂ ಇಲ್ಲ. ಒಂದು ಮಾತು ಹೇಳ್ಬಿಡು. ಆವತ್ತು ಬದಲಾಯಿಸು ಅಂದವನು ನೀನು. ಬಿಗಿ ಮಾಡು ಅಂದವನೂ ನೀನು. ಹೌದು ಅನ್ನು, ಸಾಕು. ನಾನು ಯಾರ ಹತ್ರಾನೂ ಹೇಳಲ್ಲ."

ತಮ್ಮ ನಗುವುದನ್ನು ನಿಲ್ಲಿಸಿ ಅವನನ್ನೇ ನೋಡಿದ. "ನಾನಾ?"

"ಬಾವೀಲಿ ಅಲ್ಲಾಡ್ತು ಅಂದೆ. ದಮ್ಮಯ್ಯ ಅಂದೆ."

"ಇಲ್ಲಣ್ಣ. ನಾನ್ಯಾಕೆ ಹಾಗಂತೀನಿ? ನಾನು ಕಣ್ಮುಚ್ಕೊಂಡು ಕೂತಿದ್ದೆ. ವಿಚಾರಣೇಲೂ ಅದೇ ಹೇಳಿದ್ನಲ್ಲ."

"ಈಗ ವೇದಿಕೆ ಮೇಲೆ ಗೇಟಿಗೆ ಹೋಗೋಣ ಅಂತ ನೀನೇ ಹೇಳಿದೆ ಅಂದ್ಯಲ್ಲೋ. ಕಣ್ಮುಚ್ಕೊಂಡಿದ್ದವನಿಗೆ ಬೋರ್ಡು ಹೇಗೆ ಕಾಣಿಸ್ತು?"

ತಮ್ಮನ ಹಣೆ ಗಂಟಿಕ್ಕಿತು. ನಿಜವಾಗಿಯೂ ನೆನಪು ಮಾಡಿಕೊಳ್ಳುವವನಂತೆ ನೆಲ ನೋಡಿದ. ಆ ಮುಖವನ್ನು ಅಂಗೈ ತಮ್ಮ ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲ. ಸುಳ್ಳು ಹೇಳುವಾಗ ಎಡಗಣ್ಣು ಒಂಚೂರು ಕಿರಿದಾಗುತ್ತಿತ್ತು. ಈಗ ಆಗಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಂದು ಹೇಳಿದ್ದ ಸುಳ್ಳು ಎಲ್ಲೋ ದಾರಿಯಲ್ಲಿ ಅವನೊಳಗೆ ಇಳಿದು ನೆನಪೇ ಆಗಿಬಿಟ್ಟಿತ್ತು.

ಗಿಣಿ ಊರುಗೋಲಿನ ಮೇಲೆ ಆ ಕಡೆ ಬರುತ್ತಿದ್ದ. "ಇವನು ಪಕ್ಕದಲ್ಲಿದ್ದ. ಇವನನ್ನೇ ಕೇಳು," ಎಂದ ಅಂಗೈ.

ಗಿಣಿ ಅಣ್ಣನ ಮುಖ ನೋಡಿದ, ತಮ್ಮನ ಮುಖ ನೋಡಿದ, ಗೋಡೆಯ ಚಿತ್ರ ನೋಡಿದ. ಹುಟ್ಟಿದಂದಿನಿಂದ ಬಾಯಿ ಮುಚ್ಚದವನಿಗೆ ಆಗ ಎರಡೇ ಮಾತು ಸಾಕಾಯಿತು. "ನನಗೇನು ನೆನಪಿರುತ್ತೆ ಅಣ್ಣ... ಹೆಲ್ಮೆಟ್ಟಲ್ಲಿ ಏನು ಕೇಳಿಸುತ್ತೆ," ಎಂದು ಹೇಳಿ ಕಚೇರಿಯ ಕೋಣೆಗೆ ಹೋಗಿಬಿಟ್ಟ.

ತಮ್ಮ ಅಣ್ಣನ ಹೆಗಲ ಮೇಲೆ ಕೈಯಿಟ್ಟ. ಆ ಕೈಯಲ್ಲಿ ಕಪಟವಿರಲಿಲ್ಲ. "ಅಣ್ಣಾ, ನೀನಿನ್ನೂ ಅದನ್ನೇ ಹಚ್ಕೊಂಡು ಕೊರಗ್ತಿದ್ಯಾ? ನಾನು ಯಾವತ್ತೋ ನಿನ್ನನ್ನ ಕ್ಷಮಿಸಿಬಿಟ್ಟೆ. ಬಾ, ಊಟ ಮಾಡು."

ಅಂಗೈ ಊಟ ಮಾಡಲಿಲ್ಲ. ಬಸ್ಸಿನಲ್ಲಿ ಹೆಂಡತಿ ಏನಾಯಿತೆಂದು ಕೇಳಿದಾಗ, "ಕ್ಷಮಿಸಿದಾನಂತೆ," ಎಂದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಇಳಿಯುವ ತನಕ ಹಾಗೇ ಕೂತಳು.

ಮೂರು ದಿನ ಬಿಟ್ಟು ಅವಳೊಬ್ಬಳೇ ಮೈದುನನ ಮನೆಗೆ ಹೋಗಿ ಬಂದಳು. ಮೈದುನ ಇರಲಿಲ್ಲ, ವಾರಗಿತ್ತಿ ಇದ್ದಳು. ಇವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಅಕ್ಕಾ, ಭಾವನಿಗೆ ವಯಸ್ಸಾಯ್ತು, ಏನೇನೋ ಅನ್ನಿಸುತ್ತೆ ಪಾಪ. ಡಾಕ್ಟರಿಗೆ ತೋರಿಸಿ," ಎಂದಳಂತೆ. ಮನೆಗೆ ಬಂದು ಇದನ್ನು ಹೇಳಿದಾಗ ಅಂಗೈ ಮದುವೆಯಾದಾಗಿನಿಂದ ಮೊದಲ ಸಲ ಹೆಂಡತಿಯ ಮೇಲೆ ಕೂಗಾಡಿದ. ಯಾರು ಹೋಗು ಎಂದರು, ಯಾರು ಹೇಳು ಎಂದರು ಎಂದು ಪಕ್ಕದ ಮನೆಗೆ ಕೇಳುವ ಹಾಗೆ ಕೂಗಿದ. ಅವಳೂ ಬಿಡಲಿಲ್ಲ. "ಆವತ್ತೇ ಅತ್ತೆಗೆ ಹೇಳ್ತಿದ್ದೆ. ಕೈ ಹಿಡಿದು ನಿಲ್ಲಿಸಿದ್ದು ನೀವು. ಈಗ ನನ್ನ ಮೇಲೆ ಕೂಗಿ!" ಎಂದಳು. ಅವನು ಅಂಗಳದ ಕಟ್ಟೆಯ ಮೇಲೆ ಹೋಗಿ ಕೂತ.

ಅದಾದ ಮೇಲೆ ಅಣ್ಣತಮ್ಮಂದಿರ ನಡುವೆ ಹೋಗಿಬರುವುದು ನಿಂತಿತು. ಬಂಧುಗಳು, ಅಣ್ಣನಿಗೆ ಇನ್ನೂ ಹೊಟ್ಟೆಕಿಚ್ಚು ಹೋಗಿಲ್ಲ ಎಂದು ಮಾತಾಡಿಕೊಂಡರು.

ಎರಡು ವರ್ಷಕ್ಕೆ ಡಿಪೋದಿಂದ ನಿವೃತ್ತಿ ಬಂತು. ಕಚೇರಿಯ ಗುಮಾಸ್ತೆ ಹೊಸಬಳು, ಚುರುಕಿನವಳು. ಫಾರಂ ತುಂಬಿಸುತ್ತ ಪೆನ್ನು ತಡೆದಳು.

"ಮೂವತ್ತೆಂಟನೇ ವಯಸ್ಸಿಗೆ ಇಲ್ಲಿ ಸೇರಿದೀರ. ಅದಕ್ಕೆ ಮುಂಚಿನ ಅನುಭವ ಅಂತ ಒಂದು ಕಲಂ ಇದೆ. ಏನು ಮಾಡ್ತಿದ್ರಿ?"

"ಏನೂ ಇಲ್ಲಮ್ಮ."

"ಇಪ್ಪತ್ತು ವರ್ಷ ಏನೂ ಮಾಡ್ಲಿಲ್ವಾ? ಪುಣ್ಯವಂತರು ಬಿಡಿ," ಎಂದು ನಕ್ಕು ಅವಳು ಆ ಕಲಮಿನಲ್ಲಿ ಅಡ್ಡಗೆರೆ ಎಳೆದಳು. ರುಜು ಎಲ್ಲಿ ಹಾಕಬೇಕೆಂದು ತೋರಿಸಿದಳು. ಅವನು ಹಾಕಿದ.